ಸ್ಟೇಟ್ ಟ್ಯಾಕ್ಸ್ ರಿಫಂಡ್ ಎಲ್ಲಿ ಸಿಕ್ಕಿಕೊಂಡಿದೆ? ಹುಡುಕುವ ಬಗೆ

ಊರಲ್ಲಿ ಬೋರ್‌ವೆಲ್ ಮೋಟಾರು ನೀರೆತ್ತದಿದ್ದರೆ ಯಾರೂ ನೇರವಾಗಿ ಮೋಟಾರು ಮೇಲೆತ್ತಿಸಲು ಹೋಗುವುದಿಲ್ಲ. ಮೊದಲು ಕರೆಂಟಿದೆಯಾ ನೋಡುತ್ತಾರೆ. ಮೂರೂ ಫೇಸ್ ಬಂದಿದೆಯಾ ನೋಡುತ್ತಾರೆ. ಆಮೇಲೆ ಫ್ಯೂಸು, ಸ್ಟಾರ್ಟರು, ಕೇಬಲ್ಲು. ಪೈಪು ಬಿಚ್ಚಿ ಮೋಟಾರು ಎತ್ತಿಸುವುದು ಕೊನೆಯ ಮಾತು. ಅದಕ್ಕೆ ಖರ್ಚೂ ಜಾಸ್ತಿ, ಎತ್ತುವಾಗ ಇನ್ನೇನಾದರೂ ಕೆಡುವ ಭಯವೂ ಇರುತ್ತದೆ.

ಅಮೆರಿಕದಲ್ಲಿ ಸ್ಟೇಟ್ ಟ್ಯಾಕ್ಸ್ ರಿಫಂಡ್, ಅಂದರೆ ರಾಜ್ಯಕ್ಕೆ ಹೆಚ್ಚಾಗಿ ಕಟ್ಟಿದ ತೆರಿಗೆ ವಾಪಸ್ ಬರುವುದು, ತಡವಾದಾಗ ಮಾತ್ರ ಈ ಬುದ್ಧಿಯನ್ನು ನಾವು ಊರಲ್ಲೇ ಬಿಟ್ಟು ಬಂದವರ ಹಾಗೆ ಆಡುತ್ತೇವೆ. ಮೂರು ವಾರ ಕಾಯುತ್ತೇವೆ. ಸಿಟ್ಟು ಬರುತ್ತದೆ. ಇನ್ನೊಂದು ಸಲ ಫೈಲ್ ಮಾಡಿಬಿಡುತ್ತೇವೆ. ಅಲ್ಲಿಗೆ ಮೋಟಾರು ಎತ್ತಿಸಿದ ಹಾಗಾಯಿತು. ಒಂದೇ ಸೋಶಿಯಲ್ ಸೆಕ್ಯೂರಿಟಿ ನಂಬರಿನಲ್ಲಿ ಎರಡು ರಿಟರ್ನ್ (ತೆರಿಗೆ ಲೆಕ್ಕದ ಫಾರ್ಮು) ಕಂಡ ಕಚೇರಿ, ಇದರಲ್ಲಿ ಯಾವುದು ನಿಜ ಎಂದು ಎರಡನ್ನೂ ಪಕ್ಕಕ್ಕೆ ಎತ್ತಿಡುತ್ತದೆ. ಇನ್ನೊಂದು ವಾರದಲ್ಲಿ ಬರಬೇಕಿದ್ದ ದುಡ್ಡು ಇನ್ನೂ ಕೆಲವು ತಿಂಗಳು ದೂರ ಹೋಗುತ್ತದೆ.

ಆದ್ದರಿಂದ ಮೊದಲ ಮಾತು: ಎಲ್ಲಿ ನಿಂತಿದೆ ಎಂದು ತಿಳಿಯುವವರೆಗೆ ಏನನ್ನೂ ಹೊಸದಾಗಿ ಕಳಿಸಬೇಡಿ.

ಕರೆಂಟಿದೆಯಾ ನೋಡಿ

ಅಮೆರಿಕಕ್ಕೆ ಬಂದು ಒಂದೆರಡು ವರ್ಷ ಆದವರಿಗೂ ಒಂದು ಗೊಂದಲ ಹೋಗಿರುವುದಿಲ್ಲ. ಫೆಡರಲ್ ಟ್ಯಾಕ್ಸ್, ಅಂದರೆ ಕೇಂದ್ರ ಸರ್ಕಾರದ ತೆರಿಗೆ, ನೋಡುವುದು ಐಆರ್‌ಎಸ್. ಸ್ಟೇಟ್ ಟ್ಯಾಕ್ಸ್ ನೋಡುವುದು ಆಯಾ ರಾಜ್ಯದ ಕಚೇರಿ. ಸಾಫ್ಟ್‌ವೇರಿನಲ್ಲಿ ಒಂದೇ ಗುಂಡಿ ಒತ್ತಿ ಎರಡನ್ನೂ ಕಳಿಸುತ್ತೇವೆ, ಹಾಗಾಗಿ ಎರಡೂ ಒಂದೇ ಕಡೆ ಹೋದವು ಅನ್ನಿಸುತ್ತದೆ. ಇಲ್ಲ. ಐಆರ್‌ಎಸ್‌ನ ರಿಫಂಡ್ ಪುಟ ಸ್ಟೇಟ್ ರಿಫಂಡಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಅಲ್ಲಿ ನೋಡಿಕೊಂಡು "ಎಲ್ಲ ಆಗಿದೆ ಅಂತ ತೋರಿಸ್ತಿದೆ, ದುಡ್ಡು ಮಾತ್ರ ಅರ್ಧವೇ ಬಂದಿದೆ" ಎಂದು ಗೋಳಾಡುವವರು ಪ್ರತಿ ಮಾರ್ಚ್ ತಿಂಗಳಲ್ಲೂ ಸಿಗುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಆ ಕಚೇರಿಯ ಹೆಸರು ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ಎಲ್ಲರ ಬಾಯಲ್ಲಿ ಎಫ್‌ಟಿಬಿ. ನ್ಯೂಜೆರ್ಸಿಯಲ್ಲಿ ಡಿವಿಷನ್ ಆಫ್ ಟ್ಯಾಕ್ಸೇಷನ್. ನ್ಯೂಯಾರ್ಕಿನಲ್ಲಿ ಡಿಪಾರ್ಟ್‌ಮೆಂಟ್ ಆಫ್ ಟ್ಯಾಕ್ಸೇಷನ್ ಅಂಡ್ ಫೈನಾನ್ಸ್. ಪೆನ್ಸಿಲ್ವೇನಿಯಾದಲ್ಲಿರುವವರಿಗೆ ಇನ್ನೂ ಒಂದು ಮೆಟ್ಟಿಲಿದೆ. ಅಲ್ಲಿ ಟೌನ್‌ಷಿಪ್ಪಿನ ಲೋಕಲ್ ಟ್ಯಾಕ್ಸಿಗೆ ಬೇರೆಯೇ ರಿಟರ್ನು, ಬೇರೆಯೇ ವಸೂಲಿಗಾರರು. ಆ ರಿಫಂಡನ್ನು ರಾಜ್ಯದ ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ನ್ಯೂಯಾರ್ಕ್ ನಗರದ ತೆರಿಗೆ ಹಾಗಲ್ಲ, ಅದು ರಾಜ್ಯದ ರಿಟರ್ನಿನ ಒಳಗೇ ಇರುತ್ತದೆ.

ಇಡೀ ವರ್ಷ ಡಲ್ಲಾಸಿನಲ್ಲೋ ಸಿಯಾಟಲಿನಲ್ಲೋ ಇದ್ದು, ಅಲ್ಲೇ ಕೆಲಸ ಮಾಡಿದವರು ಈ ಬರಹವನ್ನು ಇಲ್ಲಿಗೇ ಬಿಡಬಹುದು. ಟೆಕ್ಸಸ್, ವಾಷಿಂಗ್ಟನ್, ಫ್ಲೋರಿಡಾ ಸೇರಿ 9 ರಾಜ್ಯಗಳು ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ. ವರ್ಷದ ನಡುವೆ ಅಲ್ಲಿಗೆ ಹೋದವರು ಮಾತ್ರ ಬಿಡಬೇಡಿ. ನಿಮ್ಮ ಕಥೆ ಮುಂದೆ ಬರುತ್ತದೆ, ಅದು ನನ್ನ ಕಥೆಯೂ ಹೌದು.

ಇನ್ನು ಎರಡನೆಯ ಪರೀಕ್ಷೆ. ರಿಟರ್ನ್ ಹೋಗಿದೆಯಾ? "ಕಳಿಸಿದ್ದೇನೆ" ಅನ್ನುವುದು ಉತ್ತರವಲ್ಲ. ಸಾಫ್ಟ್‌ವೇರಿಗೆ ಲಾಗಿನ್ ಆಗಿ ಸ್ಟೇಟ್ ರಿಟರ್ನಿನ ಎದುರು ಏನು ಬರೆದಿದೆ ನೋಡಿ. ಟ್ರಾನ್ಸ್‌ಮಿಟೆಡ್ ಎಂದಿದ್ದರೆ ನಿಮ್ಮ ಕಡೆಯಿಂದ ಹೊರಟಿದೆ ಅಷ್ಟೇ. ಆಕ್ಸೆಪ್ಟೆಡ್ ಎಂದಿದ್ದರೆ ರಾಜ್ಯ ಕೈಗೆತ್ತಿಕೊಂಡಿದೆ. ರಿಜೆಕ್ಟೆಡ್ ಎಂದಿದ್ದರೆ ಅವರ ಲೆಕ್ಕದಲ್ಲಿ ನೀವು ಫೈಲೇ ಮಾಡಿಲ್ಲ. ಬಹುತೇಕ ಸಾಫ್ಟ್‌ವೇರುಗಳಲ್ಲಿ ಸ್ಟೇಟ್ ರಿಟರ್ನು ಫೆಡರಲ್ಲಿನ ಬಾಲ ಹಿಡಿದು ಹೋಗುತ್ತದೆ. ಫೆಡರಲ್ ತಿರಸ್ಕೃತವಾದರೆ ಸ್ಟೇಟ್ ಕೂಡ ಅಲ್ಲೇ ನಿಲ್ಲುತ್ತದೆ. ಇನ್ನು ಕೆಲವು ಸಲ ಫೆಡರಲ್ ಪಾಸಾಗಿ ಸ್ಟೇಟ್ ಮಾತ್ರ ವಾಪಸಾಗುತ್ತದೆ. ಆ ಈಮೇಲ್ ಜಾಹೀರಾತುಗಳ ನಡುವೆ ಎಲ್ಲೋ ಬಿದ್ದಿರುತ್ತದೆ. ಫೆಡರಲ್ ದುಡ್ಡು ಬಂದ ಖುಷಿಯಲ್ಲಿ ಯಾರು ಅದನ್ನು ನೋಡುತ್ತಾರೆ, ಅಲ್ವಾ?

ವಾರಗಳನ್ನು ಎಣಿಸಬೇಕಾದ್ದೂ ಆಕ್ಸೆಪ್ಟ್ ಆದ ದಿನದಿಂದ, ಗುಂಡಿ ಒತ್ತಿದ ದಿನದಿಂದ ಅಲ್ಲ. ಆನ್‌ಲೈನಿನಲ್ಲಿ ಕೊಟ್ಟ ರಿಟರ್ನಿಗೆ ಕ್ಯಾಲಿಫೋರ್ನಿಯಾ 3 ವಾರದವರೆಗೆ ಎನ್ನುತ್ತದೆ. ನ್ಯೂಜೆರ್ಸಿ ಕನಿಷ್ಠ 4 ವಾರ ಎನ್ನುತ್ತದೆ. ಕಾಗದದ ರಿಟರ್ನಿಗೆ ಅದೇ ನ್ಯೂಜೆರ್ಸಿ ಕನಿಷ್ಠ 12 ವಾರ ಕೇಳುತ್ತದೆ. ತಮಾಷೆ ಏನೆಂದರೆ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿದರೆ ಅಲ್ಲಿ 15 ವಾರ ಆಗಬಹುದು. ರಿಜಿಸ್ಟರ್ಡ್ ಪೋಸ್ಟ್ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ನಂಬಿ ಬೆಳೆದ ನಮಗೆ ಇದು ಸ್ವಲ್ಪ ಕಷ್ಟದ ಸುದ್ದಿಯೇ. ಈ ಗಡುವಿನ ಒಳಗಿದ್ದರೆ ಕೆಟ್ಟಿರುವುದು ಏನೂ ಇಲ್ಲ. ಸುಮ್ನೆ ಕಾಯಿರಿ.

"ದಾಖಲೆ ಸಿಗಲಿಲ್ಲ" ಎಂದರೆ

ಗಡುವು ದಾಟಿದೆ, ಆಕ್ಸೆಪ್ಟ್ ಕೂಡ ಆಗಿದೆ. ಆದರೂ ರಾಜ್ಯದ ಪುಟ ನಿಮ್ಮ ರಿಟರ್ನೇ ಇಲ್ಲ ಅನ್ನುತ್ತದೆ. ಹೀಗಾದಾಗ ನಾನು ಮೊದಲು ಅನುಮಾನಪಡುವುದು ಟೈಪ್ ಮಾಡಿದವರ ಬೆರಳನ್ನು.

ಎಫ್‌ಟಿಬಿ ಪುಟ ನಾಲ್ಕು ಸಂಗತಿ ಕೇಳುತ್ತದೆ: ಸೋಶಿಯಲ್ ಸೆಕ್ಯೂರಿಟಿ ನಂಬರು, ಜಿಪ್ ಕೋಡು, ಅಂಚೆ ವಿಳಾಸದಲ್ಲಿರುವ ಅಂಕಿಗಳು ಮತ್ತು ರಿಫಂಡಿನ ನಿಖರ ಮೊತ್ತ. ನಾಲ್ಕೂ ರಿಟರ್ನಿನಲ್ಲಿ ಇದ್ದ ಹಾಗೇ ಇರಬೇಕು. ಫೈಲ್ ಮಾಡಿದ ಮೇಲೆ ಸನ್ನಿವೇಲಿಂದ ಸ್ಯಾನ್ ರಾಮೋನಿಗೆ ಮನೆ ಬದಲಿಸಿದ್ದರೆ ಹೊಸ ಜಿಪ್ ಹಾಕಿದರೆ ಸಿಗುವುದಿಲ್ಲ, ರಿಟರ್ನಿನಲ್ಲಿ ಇರುವುದು ಹಳೆಯದು. ಗಂಡ ಹೆಂಡತಿ ಸೇರಿ ಫೈಲ್ ಮಾಡಿದ್ದರೆ ರಿಟರ್ನಿನಲ್ಲಿ ಮೊದಲು ಯಾರ ಹೆಸರಿದೆಯೋ ಅವರ ನಂಬರು ಹಾಕಿ ನೋಡಿ.

ಮೊತ್ತದ ತಪ್ಪು ಎಲ್ಲಕ್ಕಿಂತ ಜಾಸ್ತಿ. ಹಲವರು ಫೆಡರಲ್ ರಿಫಂಡಿನ ಮೊತ್ತ ಹಾಕುತ್ತಾರೆ. ಇನ್ನು ಕೆಲವರು ಸ್ಟೇಟ್ ಮೊತ್ತವನ್ನೇ ಹಾಕುತ್ತಾರೆ, ಆದರೆ ಸಾಲು ತಪ್ಪುತ್ತಾರೆ. ಕ್ಯಾಲಿಫೋರ್ನಿಯಾದ ಫಾರ್ಮ್ 540ರಲ್ಲಿ ಹೆಚ್ಚಾಗಿ ಕಟ್ಟಿದ ತೆರಿಗೆ ಎಂಬ ಸಾಲು ಬೇರೆ, ರಿಫಂಡ್ ಎಂಬ ಸಾಲು ಬೇರೆ. ನಿಮಗೆ ಬೇಕಾದ್ದು 115ನೇ ಸಾಲು. ವರ್ಷದ ಸ್ವಲ್ಪ ಭಾಗ ಮಾತ್ರ ಅಲ್ಲಿದ್ದವರು ಕೊಡುವ 540ಎನ್‌ಆರ್ ಆದರೆ 125ನೇ ಸಾಲು. ನಡುವೆ ದಾನ ಕೊಟ್ಟಿದ್ದರೆ, ಒಂದಷ್ಟನ್ನು ಮುಂದಿನ ವರ್ಷದ ತೆರಿಗೆಗೆ ಇಟ್ಟುಕೊಳ್ಳಿ ಎಂದಿದ್ದರೆ ಹೆಚ್ಚಾಗಿ ಕಟ್ಟಿದ ಮೊತ್ತವೂ ರಿಫಂಡಿನ ಮೊತ್ತವೂ ಒಂದೇ ಇರುವುದಿಲ್ಲ. ಸಾಫ್ಟ್‌ವೇರಿನ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ತೋರಿಸುವ ಮೊತ್ತವನ್ನು ನಂಬಬೇಡಿ. ಪಿಡಿಎಫ್ ತೆರೆದು ಸಾಲು ನೋಡಿ.

ಕಾಗದದಲ್ಲಿ ಕಳಿಸಿದವರು ಇಲ್ಲಿ ಬೇರೆ ತರಹ ಯೋಚಿಸಬೇಕು. ಲಕೋಟೆ ತಲುಪಿದರೂ ಅದನ್ನು ತೆರೆದು ಕಂಪ್ಯೂಟರಿಗೆ ಏರಿಸುವವರೆಗೆ ಪುಟದಲ್ಲಿ ಏನೂ ಕಾಣುವುದಿಲ್ಲ. ಕಳಿಸಿದ್ದರಲ್ಲಿ ಸಹಿ ಇತ್ತೇ? ಜಾಯಿಂಟ್ ಆದರೆ ಇಬ್ಬರ ಸಹಿಯೂ ಬೇಕು. ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸಿ ಕಂಪನಿ ಕೊಡುವ ಡಬ್ಲ್ಯು-2 ಪ್ರತಿ ಲಗತ್ತಿಸಿದ್ದಿರೇ? ಓದಲು ಬಂದ ಮಕ್ಕಳಲ್ಲಿ ಇದು ಹೆಚ್ಚು. ನಾನ್‌ರೆಸಿಡೆಂಟ್‌ಗಳ ಫೆಡರಲ್ ಫಾರ್ಮಾದ 1040-ಎನ್‌ಆರ್ ಕೊಡುವವರು ಎಷ್ಟೋ ಸಲ ಸ್ಟೇಟ್ ರಿಟರ್ನನ್ನು ಪ್ರಿಂಟ್ ತೆಗೆದು ಅಂಚೆಗೆ ಹಾಕಬೇಕಾಗುತ್ತದೆ. ಸಾಫ್ಟ್‌ವೇರ್ "ಮುಗಿಯಿತು" ಅಂದಿತೆಂದು ಲ್ಯಾಪ್‌ಟಾಪ್ ಮುಚ್ಚಿಡುತ್ತಾರೆ. ಪ್ರಿಂಟ್ ತೆಗೆಯುವುದು ಬಾಕಿ ಇದೆ ಎಂದು ಗೊತ್ತಾಗುವುದು ಮೇ ತಿಂಗಳಲ್ಲಿ.

"ಪರಿಶೀಲನೆಯಲ್ಲಿದೆ" ಎಂದರೆ

ಇದೇ ನಿಜವಾದ ರೋಗ. ಎಲ್ಲರೂ ಸೋಲುವುದು ಇಲ್ಲೇ, ಯಾಕೆಂದರೆ ಪುಟ ಇದಕ್ಕಿಂತ ಹೆಚ್ಚು ಏನನ್ನೂ ಹೇಳುವುದಿಲ್ಲ. ಆದರೆ ಒಳಗೆ ನಡೆಯುವುದು ತೀರಾ ಗುಟ್ಟಿನ ವಿಷಯವಲ್ಲ. ಕಚೇರಿಯ ಕಂಪ್ಯೂಟರು ನೀವು ಹೇಳಿದ್ದನ್ನು ಬೇರೆಯವರು ನಿಮ್ಮ ಬಗ್ಗೆ ಹೇಳಿದ್ದರ ಜತೆ ತಾಳೆ ನೋಡುತ್ತದೆ. ಬೇರೆಯವರು ಅಂದರೆ ನಿಮ್ಮ ಕಂಪನಿ, ಐಆರ್‌ಎಸ್, ಇನ್ನೊಂದು ರಾಜ್ಯ. ಎಲ್ಲಿ ತಾಳೆಯಾಗಲಿಲ್ಲವೋ ಅಲ್ಲಿ ನಿಲ್ಲುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಯಾಕೆ ತಡ" ಅಲ್ಲ, "ನನ್ನ ಯಾವ ಕಾಗದ ಯಾವ ಕಾಗದದ ಜತೆ ಹೊಂದುತ್ತಿಲ್ಲ" ಎಂಬುದು.

ಡಬ್ಲ್ಯು-2 ಎತ್ತಿಕೊಳ್ಳಿ. ಕೆಳಗಡೆ 15, 16, 17 ಎಂಬ ಮೂರು ಬಾಕ್ಸ್ ಇರುತ್ತವೆ. 15ರಲ್ಲಿ ರಾಜ್ಯ ಮತ್ತು ಕಂಪನಿಗೆ ಆ ರಾಜ್ಯ ಕೊಟ್ಟ ನಂಬರು, 16ರಲ್ಲಿ ಆ ರಾಜ್ಯಕ್ಕೆ ಸೇರಿದ ಸಂಬಳ, 17ರಲ್ಲಿ ಹಿಡಿದ ತೆರಿಗೆ. ರಿಟರ್ನಿನಲ್ಲಿ ಇವು ಅಕ್ಷರಕ್ಕೆ ಅಕ್ಷರ ಹಾಗೇ ಬಂದಿವೆಯಾ ನೋಡಿ. ಕೈಯಲ್ಲಿ ತುಂಬಿದವರು ಕಂಪನಿಯ ನಂಬರಿನಲ್ಲಿ ಒಂದಂಕಿ ತಪ್ಪಿರುತ್ತಾರೆ. ಕೆಲಸ ಬದಲಿಸಿದವರು ಎರಡನೇ ಡಬ್ಲ್ಯು-2 ಮರೆತಿರುತ್ತಾರೆ. ಕೆಲವು ಡಬ್ಲ್ಯು-2ಗಳಲ್ಲಿ ಎರಡು ರಾಜ್ಯದ ಸಾಲುಗಳಿರುತ್ತವೆ, ಫೋನಿನಲ್ಲಿ ಫೋಟೋ ತೆಗೆದು ಅಪ್‌ಲೋಡ್ ಮಾಡಿದಾಗ ಒಂದೇ ಸಾಲು ಒಳಗೆ ಹೋಗಿರುತ್ತದೆ.

ನನ್ನದು ಇದೇ ಜಾತಿಯ ಕಥೆ. ಜೂನ್ ತಿಂಗಳಲ್ಲಿ ಹಳೆ ರಾಜ್ಯ ಬಿಟ್ಟು ಟೆಕ್ಸಸಿಗೆ ಬಂದೆ. ಕೆಲಸ ಅದೇ, ಮನೆಯಿಂದ. ಪೇರೋಲ್‌ನವರಿಗೆ ವಿಳಾಸ ಬದಲಾಗಿದೆ ಎಂದು ತಿಳಿಸಿದೆ, ಅವರು ಬದಲಿಸಿಯೂ ಬದಲಿಸಿದರು, ಆದರೆ ಸೆಪ್ಟೆಂಬರಿನಲ್ಲಿ. ನಡುವಿನ ಮೂರು ತಿಂಗಳು ಹಳೆ ರಾಜ್ಯದ ತೆರಿಗೆ ಹಿಡಿಯುತ್ತಲೇ ಇದ್ದರು. ಪೇಸ್ಲಿಪ್ ಯಾರು ನೋಡುತ್ತಾರೆ? ನಾನೂ ನೋಡಿರಲಿಲ್ಲ. ಫೈಲ್ ಮಾಡುವಾಗ ಜೂನ್‌ವರೆಗಿನ ಸಂಬಳ ಮಾತ್ರ ಆ ರಾಜ್ಯದ್ದು ಎಂದು ತೋರಿಸಿ ಉಳಿದದ್ದನ್ನು ವಾಪಸ್ ಕೇಳಿದೆ. ನಾನು ಬರೆದದ್ದು ಸರಿಯೇ. ಆದರೆ ಡಬ್ಲ್ಯು-2 ಸೆಪ್ಟೆಂಬರ್‌ವರೆಗಿನದು ಅವರದೇ ಎನ್ನುತ್ತಿತ್ತು. ಕಂಪನಿ ಒಂದು ಹೇಳುತ್ತಿದೆ, ನೌಕರ ಇನ್ನೊಂದು ಹೇಳುತ್ತಿದ್ದಾನೆ. ಯಾವ ಗುಮಾಸ್ತನಾದರೂ ನಿಲ್ಲಿಸಿ ಕೇಳುತ್ತಾನೆ.

ಕೇಳಿಯೂ ಇದ್ದರು. ಪತ್ರ ಬರೆದಿದ್ದರು. ಅದು ನನ್ನ ಹಳೆ ಅಪಾರ್ಟ್‌ಮೆಂಟಿಗೆ ಹೋಗಿತ್ತು. ಅಲ್ಲಿ ಎದುರು ಮನೆಯಲ್ಲಿದ್ದ ಆಂಟಿ ಅದನ್ನು ಎತ್ತಿಟ್ಟುಕೊಂಡು, ಎರಡು ತಿಂಗಳ ಮೇಲೆ ಯಾವುದೋ ಹುಟ್ಟುಹಬ್ಬದ ವಿಡಿಯೋ ಕಾಲಿನಲ್ಲಿ "ಅಯ್ಯೋ, ನಿಂಗೊಂದು ಗವರ್ನಮೆಂಟ್ ಕಾಗ್ದ ಬಂದಿದೆ ಕಣೋ, ಹೇಳೋಕೆ ಮರ್ತೆ" ಅಂದರು. ಉತ್ತರ ಕೊಡಬೇಕಾದ ದಿನಾಂಕ ದಾಟಿಹೋಗಿತ್ತು.

ಇಂಥದ್ದಕ್ಕೆ ಮದ್ದು ಎರಡು. ಕಂಪನಿಯಿಂದ ತಿದ್ದಿದ ಡಬ್ಲ್ಯು-2, ಅದಕ್ಕೆ ಡಬ್ಲ್ಯು-2ಸಿ ಎನ್ನುತ್ತಾರೆ. ಅದು ಸಿಗದಿದ್ದರೆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಇಂಥ ದಿನಾಂಕದಿಂದ ಈ ನೌಕರ ಟೆಕ್ಸಸಿನಿಂದ ಕೆಲಸ ಮಾಡುತ್ತಿದ್ದಾರೆ, ಆಮೇಲೂ ಇಷ್ಟು ತೆರಿಗೆ ತಪ್ಪಾಗಿ ಹಿಡಿಯಲಾಗಿದೆ ಎಂಬ ಪತ್ರ. ಜತೆಗೆ ಹೊಸ ಮನೆಯ ಲೀಸು, ಹೊಸ ಡ್ರೈವಿಂಗ್ ಲೈಸೆನ್ಸು, ಮೊದಲ ತಿಂಗಳ ಕರೆಂಟ್ ಬಿಲ್ಲು. ನನಗೆ ಎಚ್‌ಆರ್‌ನವರಿಂದ ಆ ಒಂದು ಪುಟದ ಪತ್ರ ಪಡೆಯಲು ಹಿಡಿದ ಸಮಯ, ಅದನ್ನು ಕಳಿಸಿದ ಮೇಲೆ ದುಡ್ಡು ಬರಲು ಹಿಡಿದ ಸಮಯಕ್ಕಿಂತ ಜಾಸ್ತಿ. ಮನೆ ಬದಲಿಸಿದ ವಾರವೇ ಈ ಪತ್ರ ಬರೆಸಿಟ್ಟುಕೊಳ್ಳಿ ಎಂದು ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ನ್ಯೂಜೆರ್ಸಿಯಲ್ಲಿ ಮನೆ, ಮ್ಯಾನ್‌ಹಟನ್‌ನಲ್ಲಿ ಕೆಲಸ ಅನ್ನುವವರದ್ದು ಇನ್ನೊಂದು ತೊಡಕು. ಎಡಿಸನ್, ಜೆರ್ಸಿ ಸಿಟಿಯಲ್ಲಿ ನಮ್ಮವರು ಎಷ್ಟೋ ಮಂದಿ ಹೀಗಿದ್ದಾರೆ. ನ್ಯೂಯಾರ್ಕಿಗೆ ಹೊರಗಿನವರ ರಿಟರ್ನಾದ ಐಟಿ-203 ಕೊಡಬೇಕು, ಅಲ್ಲಿ ಕಟ್ಟಿದ್ದಕ್ಕೆ ನ್ಯೂಜೆರ್ಸಿಯ ರಿಟರ್ನಿನಲ್ಲಿ ಕ್ರೆಡಿಟ್, ಅಂದರೆ ತೆರಿಗೆಯಲ್ಲಿ ಕಡಿತ, ತೆಗೆದುಕೊಳ್ಳಬೇಕು. ಮೊದಲು ಹೊರಗಿನ ರಾಜ್ಯದ್ದು, ಆಮೇಲೆ ಮನೆಯಿರುವ ರಾಜ್ಯದ್ದು. ಉಲ್ಟಾ ಮಾಡಿದರೆ ಕ್ರೆಡಿಟ್ ಲೆಕ್ಕ ತಪ್ಪಾಗುತ್ತದೆ. ಇಲ್ಲಿ ಇನ್ನೊಂದು ತಪ್ಪು ತುಂಬ ಸಾಮಾನ್ಯ. ಕ್ರೆಡಿಟ್ ಸಿಗುವುದು ನ್ಯೂಯಾರ್ಕಿನಲ್ಲಿ ಕೊನೆಗೆ ನಿಂತ ತೆರಿಗೆಗೆ, ಡಬ್ಲ್ಯು-2ರಲ್ಲಿ ಹಿಡಿದ ಮೊತ್ತಕ್ಕಲ್ಲ. ಹಿಡಿದ ಮೊತ್ತ ಹಾಕಿದವರಿಗೆ ನ್ಯೂಜೆರ್ಸಿಯಿಂದ ನ್ಯೂಯಾರ್ಕ್ ರಿಟರ್ನಿನ ಪ್ರತಿ ಕೊಡಿ ಎಂದು ಪತ್ರ ಬಂದರೆ ಆಶ್ಚರ್ಯವಿಲ್ಲ. ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿ ನಡುವೆ ಒಪ್ಪಂದವಿದೆ, ಸಂಬಳಕ್ಕೆ ಮನೆಯಿರುವ ರಾಜ್ಯದಲ್ಲಷ್ಟೇ ತೆರಿಗೆ. ನ್ಯೂಯಾರ್ಕಿಗೂ ನ್ಯೂಜೆರ್ಸಿಗೂ ಅಂಥ ಒಪ್ಪಂದವಿಲ್ಲ.

ಇನ್ನು ನಮ್ಮ ಹೆಸರುಗಳು. ಇದರ ಬಗ್ಗೆ ಒಂದು ಬೇರೆಯೇ ಬರಹ ಬರೆಯಬಹುದು. ಅಪ್ಪನ ಹೆಸರಿನ ಇನಿಷಿಯಲ್ಲು, ಊರಿನ ಇನಿಷಿಯಲ್ಲು, ಆಮೇಲೆ ನಮ್ಮ ಹೆಸರು. ಅಮೆರಿಕದ ಫಾರ್ಮುಗಳಿಗೆ ಬೇಕಾದ್ದು ಮೊದಲ ಹೆಸರು, ಕೊನೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಬರೀ "ಮಂಜುನಾಥ" ಎಂದಿದ್ದವನ ವೀಸಾದಲ್ಲಿ ಮಂಜುನಾಥ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಚುಟುಕು ಅದು. ಕಂಪನಿಯವರು ಬೇರೆ ತರಹ ಬರೆದುಕೊಳ್ಳುತ್ತಾರೆ, ಬ್ಯಾಂಕಿನವರು ಇನ್ನೊಂದು ತರಹ. ಕಂಪ್ಯೂಟರು ನೋಡುವುದು ಮುಖ್ಯವಾಗಿ ಕೊನೆಯ ಹೆಸರನ್ನು. ಐಆರ್‌ಎಸ್ ಅದರ ಮೊದಲ ನಾಲ್ಕು ಅಕ್ಷರಗಳನ್ನು ಸೋಶಿಯಲ್ ಸೆಕ್ಯೂರಿಟಿ ದಾಖಲೆಯ ಜತೆ ಹೋಲಿಸುತ್ತದೆ. ಹಾಗಾಗಿ ಸೋಶಿಯಲ್ ಸೆಕ್ಯೂರಿಟಿ ಕಾರ್ಡೇ ನಿಮ್ಮ ಅಳತೆಗೋಲು. ಅದರಲ್ಲಿ ಹೇಗಿದೆಯೋ ರಿಟರ್ನಿನಲ್ಲಿ ಹಾಗೆ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿಕೊಂಡವರು ಕಾರ್ಡಿನಲ್ಲಿ ಬದಲಿಸದಿದ್ದರೆ ರಿಟರ್ನಿನಲ್ಲೂ ಹಳೆಯದನ್ನೇ ಬರೆಯಬೇಕು.

ಎಚ್4 ವೀಸಾದಲ್ಲಿರುವ ಹೆಂಡತಿಗೋ ಗಂಡನಿಗೋ ಸೋಶಿಯಲ್ ಸೆಕ್ಯೂರಿಟಿ ನಂಬರಿಲ್ಲ, ಅದರ ಬದಲು ಐಆರ್‌ಎಸ್ ಕೊಡುವ ತೆರಿಗೆ ನಂಬರು ಐಟಿನ್ ಬೇಕು ಅನ್ನುವ ವರ್ಷ ತಡವಾಗುವುದನ್ನು ಮೊದಲೇ ಒಪ್ಪಿಕೊಂಡುಬಿಡಿ. ಐಟಿನ್ ಕೇಳುವ ಡಬ್ಲ್ಯು-7 ಅರ್ಜಿಗೆ ಐಆರ್‌ಎಸ್ 7 ವಾರ ಎನ್ನುತ್ತದೆ. ಜನವರಿ 15ರಿಂದ ಏಪ್ರಿಲ್ 30ರ ನಡುವೆ ಕೊಟ್ಟರೆ 9ರಿಂದ 11 ವಾರ. ಅದು ಬಾರದೆ ಸ್ಟೇಟ್ ರಿಟರ್ನ್ ಮುಂದೆ ಹೋಗುವುದು ಕಷ್ಟ. ಹಳೆ ಐಟಿನ್ ಇದ್ದವರೂ ನೋಡಿಕೊಳ್ಳಿ, ಸತತ ಮೂರು ವರ್ಷ ಫೆಡರಲ್ ರಿಟರ್ನಿನಲ್ಲಿ ಬಳಸದಿದ್ದರೆ ಅದು ಸತ್ತುಹೋಗುತ್ತದೆ.

ಕೊನೆಯದಾಗಿ, ನೀವು ನೀವೇನಾ ಎಂಬ ಪ್ರಶ್ನೆ. ಬೇರೆಯವರ ನಂಬರಿನಲ್ಲಿ ರಿಫಂಡ್ ಹೊಡೆಯುವ ಕಳ್ಳರು ಹೆಚ್ಚಾದ ಮೇಲೆ ಹಲವು ರಾಜ್ಯಗಳು ಗುರುತು ಖಚಿತಪಡಿಸಿ ಎಂದು ಪತ್ರ ಕಳಿಸುತ್ತವೆ. ಮೊದಲ ಸಲ ಫೈಲ್ ಮಾಡುವವರು, ಹೊಸ ವಿಳಾಸದವರು, ಹೊಸ ಬ್ಯಾಂಕ್ ಅಕೌಂಟಿನವರು ಇದಕ್ಕೆ ಸುಲಭವಾಗಿ ಸಿಗುತ್ತಾರೆ. ಅಂದರೆ ನಮ್ಮವರೇ. ಕೆಲವು ಕಡೆ ಆನ್‌ಲೈನಿನಲ್ಲಿ ನಾಲ್ಕು ಪ್ರಶ್ನೆ ಕೇಳುತ್ತಾರೆ: ಈ ಬೀದಿಗಳಲ್ಲಿ ಯಾವುದರಲ್ಲಿ ನೀವು ವಾಸವಿದ್ದಿರಿ, ಯಾವ ವರ್ಷ ಕಾರು ಸಾಲ ಮಾಡಿದಿರಿ. ಆರು ತಿಂಗಳ ಹಿಂದೆ ವಿಮಾನ ಇಳಿದವನಿಗೆ ಎಲ್ಲಿಯ ಬೀದಿ, ಎಲ್ಲಿಯ ಕಾರು? ಯಾವುದೂ ಅಲ್ಲ ಎಂಬ ಉತ್ತರವೂ ಇರುತ್ತದೆ, ನಿಜವಾಗಿ ಹಾಗಿದ್ದರೆ ಅದನ್ನೇ ಒತ್ತಿ. ಊಹೆ ಮಾಡಲು ಹೋಗಬೇಡಿ. ಸೋತರೆ ಪಾಸ್‌ಪೋರ್ಟ್, ಲೀಸು, ಡಬ್ಲ್ಯು-2 ಪ್ರತಿ ಕಳಿಸುವ ದಾರಿ ಪತ್ರದಲ್ಲೇ ಬರೆದಿರುತ್ತದೆ. ತಡ, ಆದರೆ ಆಗುತ್ತದೆ.

ಇಲ್ಲೊಂದು ಎಚ್ಚರಿಕೆ. ಇಂಥ ವಿಚಾರಣೆ ಬರುವುದು ಅಂಚೆಯಲ್ಲಿ ಅಥವಾ ರಾಜ್ಯದ ಪುಟದಲ್ಲಿ ನೀವು ತೆರೆದ ಅಕೌಂಟಿನಲ್ಲಿ. "ನಿಮ್ಮ ಸ್ಟೇಟ್ ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಬ್ಯಾಂಕ್ ವಿವರ ಕೊಡಿ" ಎಂದು ಮೊಬೈಲಿಗೆ ಮೆಸೇಜ್ ಬಂದರೆ ಅದು ಮೋಸ. ರಿಫಂಡಿಗೆ ಕಾಯುತ್ತಿರುವ ಹೊತ್ತಲ್ಲೇ ಅದು ಬರುತ್ತದೆ, ಬೆರಳು ತುರಿಸುತ್ತದೆ. ಒತ್ತಬೇಡಿ.

ಪತ್ರ ಕಳೆದುಹೋಗುವ ತಾಪತ್ರಯಕ್ಕೆ ಒಂದೇ ಪರಿಹಾರ ಆ ಆನ್‌ಲೈನ್ ಅಕೌಂಟು. ಕ್ಯಾಲಿಫೋರ್ನಿಯಾದಲ್ಲಿ ಮೈಎಫ್‌ಟಿಬಿ, ಇಲಿನಾಯ್‌ನಲ್ಲಿ ಮೈಟ್ಯಾಕ್ಸ್ ಇಲಿನಾಯ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಟ್ಯಾಕ್ಸ್‌ಕನೆಕ್ಟ್. ಮೈಎಫ್‌ಟಿಬಿಯಲ್ಲಿ ನೋಟಿಸುಗಳೂ ಕಾಣುತ್ತವೆ, ನೀವು ವರ್ಷದಲ್ಲಿ ಮುಂಗಡವಾಗಿ ಕಟ್ಟಿದ ಎಸ್ಟಿಮೇಟೆಡ್ ಟ್ಯಾಕ್ಸ್ ಯಾವ ಖಾತೆಗೆ ಜಮೆಯಾಗಿದೆ ಎಂಬುದೂ ಕಾಣುತ್ತದೆ. ಷೇರು ಮಾರಿ ನಡುವೆ ತೆರಿಗೆ ಕಟ್ಟಿದವರು ಇದನ್ನು ನೋಡಲೇಬೇಕು. ಗಂಡನ ನಂಬರಿನಲ್ಲಿ ಕಟ್ಟಿ ಹೆಂಡತಿಯ ಹೆಸರು ಮೊದಲಿರುವ ರಿಟರ್ನಿನಲ್ಲಿ ಕೇಳಿದರೆ, ಅಥವಾ ತಪ್ಪು ವರ್ಷಕ್ಕೆ ಜಮೆ ಮಾಡಿದ್ದರೆ, ತಾಳೆ ತಪ್ಪಿ ನಿಲ್ಲಬಹುದು.

"ಕಳಿಸಿದ್ದೇವೆ" ಎಂದರೂ ದುಡ್ಡಿಲ್ಲ

ಪುಟ ದುಡ್ಡು ಹೋಗಿದೆ ಎನ್ನುತ್ತಿದ್ದರೆ ಇನ್ನು ಬ್ಯಾಂಕಿನ ಕಡೆ ತಿರುಗಿ. ರಿಟರ್ನ್ ಪಿಡಿಎಫ್‌ನಲ್ಲಿ ಬ್ಯಾಂಕನ್ನು ಗುರುತಿಸುವ ಒಂಬತ್ತಂಕಿಯ ರೂಟಿಂಗ್ ನಂಬರನ್ನೂ ಅಕೌಂಟ್ ನಂಬರನ್ನೂ ಬೆರಳಿಟ್ಟು ಓದಿ. ಅದು ನಿಮ್ಮ ಅಕೌಂಟೇ ಅಲ್ಲ ಅನ್ನಿಸಿದರೆ ಗಾಬರಿಯಾಗುವ ಮೊದಲು ನೆನಪಿಸಿಕೊಳ್ಳಿ, ಫೀಸನ್ನು ರಿಫಂಡಿನಲ್ಲೇ ಮುರಿದುಕೊಳ್ಳಿ ಎಂದಿದ್ದಿರಾ? ಹಾಗೆ ಮಾಡಿದಾಗ ದುಡ್ಡು ಮೊದಲು ಮಧ್ಯದ ಒಂದು ಬ್ಯಾಂಕಿಗೆ ಹೋಗಿ, ಫೀಸು ಕಳೆದು ನಿಮಗೆ ಬರುತ್ತದೆ. ಅಲ್ಲಿ ಒಂದೆರಡು ದಿನ ನಿಲ್ಲಬಹುದು.

ಅಕೌಂಟ್ ಮುಚ್ಚಿದ್ದರೆ ಬ್ಯಾಂಕು ಹಣ ವಾಪಸ್ ಕಳಿಸುತ್ತದೆ. ಆಗ ರಾಜ್ಯ ಸಾಮಾನ್ಯವಾಗಿ ಕಾಗದದ ಚೆಕ್ ಬರೆದು ರಿಟರ್ನಿನಲ್ಲಿದ್ದ ವಿಳಾಸಕ್ಕೆ ಹಾಕುತ್ತದೆ. ಹಳೆ ವಿಳಾಸದ ಆಂಟಿಯ ಕಥೆ ಮತ್ತೆ ಶುರು. ಅಂಚೆಯವರಿಗೆ ವಿಳಾಸ ಬದಲಾವಣೆ ಕೊಟ್ಟಿದ್ದೇನೆ ಎಂದು ನಿಶ್ಚಿಂತೆಯಾಗಬೇಡಿ. ವಿಳಾಸ ಬದಲಿಸಲು ಐಆರ್‌ಎಸ್‌ಗೆ ಕೊಟ್ಟ ಫಾರ್ಮ್ 8822 ಕೂಡ ರಾಜ್ಯಕ್ಕೆ ತಿಳಿಸಿದ ಹಾಗಲ್ಲ. ಕ್ಯಾಲಿಫೋರ್ನಿಯಾಕ್ಕೆ ಬೇರೆಯದೇ ಫಾರ್ಮಿದೆ, 3533.

ಕೆಲಸ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ವಾಪಸಾದವರಿಗೆ ಇದು ದೊಡ್ಡ ತಲೆನೋವು. ರಾಜ್ಯದ ಡೈರೆಕ್ಟ್ ಡೆಪಾಸಿಟ್ ಭಾರತದ ಬ್ಯಾಂಕಿಗೆ ಬರುವುದಿಲ್ಲ. ನ್ಯೂಯಾರ್ಕಿನ ಫಾರ್ಮಿನಲ್ಲಿ ಹಣ ಅಮೆರಿಕದ ಹೊರಗಿನ ಅಕೌಂಟಿಗೆ ಹೋಗುತ್ತದೆಯೇ ಎಂದು ಗುರುತು ಹಾಕುವ ಬಾಕ್ಸೇ ಇದೆ. ಹಾಕಿದರೆ ಚೆಕ್ಕೇ ಗತಿ. ಡಾಲರಿನ ಚೆಕ್ ಹಿಡಿದು ಜಯನಗರದ ಬ್ಯಾಂಕಿಗೆ ಹೋದರೆ ಮ್ಯಾನೇಜರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೈಗೇ ವಾಪಸ್ ಕೊಡುವ ಸಾಧ್ಯತೆ ಹೆಚ್ಚು. ತೆಗೆದುಕೊಂಡರೂ ವಾರಗಟ್ಟಲೆ, ಮೇಲೆ ಕಮಿಷನ್. ಹೊರಡುವ ಮುನ್ನ ಒಂದು ಅಮೆರಿಕನ್ ಅಕೌಂಟನ್ನು ಕೊನೆಯ ರಿಫಂಡ್ ಬರುವವರೆಗಾದರೂ ಉಳಿಸಿಕೊಳ್ಳಿ. ಗಡಿಬಿಡಿಯಲ್ಲಿ ಕೊನೆ ವರ್ಷದ ರಿಟರ್ನನ್ನೇ ಕೊಡದೆ ಬಂದವರೂ ಇದ್ದಾರೆ. ಅವರು ಕೈ ಚೆಲ್ಲಬೇಕಿಲ್ಲ. ರಿಫಂಡ್ ಕೇಳಲು ಕ್ಯಾಲಿಫೋರ್ನಿಯಾ ಸಾಮಾನ್ಯವಾಗಿ 4 ವರ್ಷ ಕೊಡುತ್ತದೆ, ಫೆಡರಲ್ಲಿಗೆ 3 ವರ್ಷ.

ವಾಪಸಾದ ವರ್ಷ ಭಾರತದಲ್ಲಿ ರೆಸಿಡೆಂಟ್ ಆಗಿ ಫೈಲ್ ಮಾಡುವವರಿಗೆ ಒಂದು ಮಾತು. ಎರಡು ದೇಶಗಳ ತೆರಿಗೆ ಒಪ್ಪಂದದ ಪಟ್ಟಿಯಲ್ಲಿ ಇರುವುದು ಅಮೆರಿಕದ ಫೆಡರಲ್ ತೆರಿಗೆ ಮಾತ್ರ. ಆದರೆ ರಾಜ್ಯಗಳಿಗೆ ಕಟ್ಟಿದ್ದಕ್ಕೂ ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ 91ನೇ ಸೆಕ್ಷನ್ನಿನ ಅಡಿ ಕ್ರೆಡಿಟ್ ಸಿಗಬೇಕು ಎಂದು ಕರ್ನಾಟಕ ಹೈಕೋರ್ಟು ವಿಪ್ರೊ ಪ್ರಕರಣದಲ್ಲಿ ಹೇಳಿದೆ. ಹಾಗೆ ಕ್ರೆಡಿಟ್ ಕೇಳುವಾಗ ಡಬ್ಲ್ಯು-2ರ 17ನೇ ಬಾಕ್ಸ್ ನೋಡಿ ಬರೆಯಬೇಡಿ. ರಿಫಂಡ್ ಕಳೆದು ಉಳಿದದ್ದು ನಿಮ್ಮ ನಿಜವಾದ ತೆರಿಗೆ. ಅದನ್ನು ನಿಮ್ಮ ಆಡಿಟರಿಗೆ ಬಾಯಿಬಿಟ್ಟು ಹೇಳಿ.

ಕಡಿಮೆ ಬಂದಿದ್ದರೆ

ಮೊತ್ತ ಕಡಿಮೆ ಬಂದರೆ ಎರಡೇ ಕಾರಣ. ಲೆಕ್ಕ ತಿದ್ದಿದ್ದಾರೆ, ಇಲ್ಲವೇ ನೀವು ಯಾರಿಗೋ ಕೊಡಬೇಕಿದ್ದ ಬಾಕಿಗೆ ಮುರಿದುಕೊಂಡಿದ್ದಾರೆ. ಎರಡಕ್ಕೂ ಪತ್ರ ಬರುತ್ತದೆ. ಹಳೆ ವರ್ಷದ ತೆರಿಗೆ ಬಾಕಿ, ಕಟ್ಟದೆ ಬಿಟ್ಟ ದಂಡ, ಕೆಲವೊಮ್ಮೆ ಫೆಡರಲ್ ಸರ್ಕಾರದ ಬಾಕಿಗೂ ಸ್ಟೇಟ್ ರಿಫಂಡನ್ನು ಮುರಿಯುವ ವ್ಯವಸ್ಥೆ ಇದೆ. ಮುರಿದುಕೊಂಡ ಬಾಕಿಯ ಬಗ್ಗೆ ತಕರಾರಿದ್ದರೆ ತೆರಿಗೆ ಕಚೇರಿಯ ಜತೆ ವಾದಿಸಿ ಫಲವಿಲ್ಲ, ಬಾಕಿ ಯಾರಿಗೆ ಸಲ್ಲಬೇಕೋ ಅವರ ಬಳಿ ಹೋಗಬೇಕು.

ಜಾಸ್ತಿ ಬಂದರೂ ಕುಣಿಯಬೇಡಿ. ತಡವಾದದ್ದಕ್ಕೆ ಬಡ್ಡಿ ಇರಬಹುದು. ರಿಟರ್ನ್ ಕೊಟ್ಟ ದಿನ ಅಥವಾ ಕೊಡಬೇಕಾದ ಕೊನೆಯ ದಿನ, ಇವೆರಡರಲ್ಲಿ ನಂತರದ್ದು ಯಾವುದೋ ಅಲ್ಲಿಂದ 45 ದಿನದೊಳಗೆ ಕೊಡದಿದ್ದರೆ ನ್ಯೂಯಾರ್ಕ್ ಬಡ್ಡಿ ಕೊಡುತ್ತದೆ. ಆ ಬಡ್ಡಿಗೆ ಮತ್ತೆ ಫೆಡರಲ್ ಟ್ಯಾಕ್ಸ್ ಇದೆ, ಮರೆಯಬೇಡಿ.

ಮೋಟಾರು ಎತ್ತಿಸುವುದು

ಇಷ್ಟೆಲ್ಲ ನೋಡಿದ ಮೇಲೂ ಬಗೆಹರಿಯದಿದ್ದರೆ ಆಗ ಫೋನು. ಕೈಯಲ್ಲಿ ರಿಟರ್ನಿನ ಪಿಡಿಎಫ್, ಆಕ್ಸೆಪ್ಟ್ ಆದ ದಿನಾಂಕ, ಬಂದ ಪತ್ರಗಳು, ಕಳೆದ ವರ್ಷದ ರಿಟರ್ನು ಇಟ್ಟುಕೊಳ್ಳಿ. "ನನ್ನ ರಿಫಂಡ್ ಎಲ್ಲಿ" ಎಂದು ಕೇಳಿದರೆ ಪುಟದಲ್ಲಿರುವುದನ್ನೇ ಓದಿ ಹೇಳುತ್ತಾರೆ. "ನನ್ನ ಅಕೌಂಟಿನ ಮೇಲೆ ಯಾವುದಾದರೂ ಹೋಲ್ಡ್ ಇದೆಯಾ, ಯಾವ ಪತ್ರವನ್ನು ಯಾವ ವಿಳಾಸಕ್ಕೆ ಕಳಿಸಿದ್ದೀರಿ, ನನ್ನಿಂದ ಬರಬೇಕಾದ ಕಾಗದ ಏನಾದರೂ ಬಾಕಿ ಇದೆಯಾ" ಎಂದು ಕೇಳಿ. ಮಾತಾಡಿದವರ ಐಡಿ ನಂಬರು, ದಿನಾಂಕ ಬರೆದುಕೊಳ್ಳಿ.

ಅದೂ ಆಗದಿದ್ದರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಮೂರರಲ್ಲೂ ತೆರಿಗೆದಾರರ ಪರ ಮಾತಾಡುವ ಅಡ್ವೊಕೇಟ್ ಕಚೇರಿಗಳು ಇಲಾಖೆಯೊಳಗೇ ಇವೆ. ಐಆರ್‌ಎಸ್‌ನ ಅಡ್ವೊಕೇಟ್ ಇದಕ್ಕೆ ಬರುವುದಿಲ್ಲ. ನಿಮ್ಮ ಕ್ಷೇತ್ರದ ಅಸೆಂಬ್ಲಿ ಸದಸ್ಯರ ಕಚೇರಿಗೂ ಬರೆಯಬಹುದು. ವೀಸಾದ ಮೇಲಿದ್ದೇನೆ, ಓಟಿಲ್ಲ ಎಂದು ಹಿಂಜರಿಯುವವರು ಹೆಚ್ಚು, ಆದರೆ ಅವರ ಕಚೇರಿಯವರು ಸಾಮಾನ್ಯವಾಗಿ ಕೇಳುವುದು ಆ ಕ್ಷೇತ್ರದಲ್ಲಿ ವಾಸವಿದ್ದೀರಾ ಎಂದಷ್ಟೇ.

ತಿದ್ದಿದ ರಿಟರ್ನ್ ಕೊಡಲೇಬೇಕಾದ ತಪ್ಪು ನಿಮ್ಮದೇ ಎಂದು ಖಚಿತವಾದರೆ ಮೊದಲನೆಯದು ಮುಗಿಯಲು ಬಿಡಿ, ಆಮೇಲೆ ಅಮೆಂಡೆಡ್ ರಿಟರ್ನ್ ಕೊಡಿ. ಎರಡನ್ನೂ ಒಟ್ಟಿಗೆ ಓಡಿಸಬೇಡಿ.

ದುಡ್ಡು ಬಂದ ಮೇಲೆ ಪತ್ರಗಳನ್ನೆಲ್ಲ ಹರಿದು ಎಸೆಯಬೇಡಿ. ಮುಂದಿನ ಜನವರಿಯಲ್ಲಿ ರಾಜ್ಯದಿಂದ 1099-ಜಿ ಎಂಬ ಕಾಗದ ಬರಬಹುದು, ಎರಡನೇ ಬಾಕ್ಸಿನಲ್ಲಿ ಇದೇ ರಿಫಂಡಿನ ಮೊತ್ತ ಇರುತ್ತದೆ. ಹಿಂದಿನ ವರ್ಷದ ಫೆಡರಲ್ ರಿಟರ್ನಿನಲ್ಲಿ ಎಲ್ಲರಿಗೂ ಇರುವ ನಿಗದಿತ ಕಡಿತ, ಸ್ಟ್ಯಾಂಡರ್ಡ್ ಡಿಡಕ್ಷನ್, ತೆಗೆದುಕೊಂಡಿದ್ದರೆ ಅದು ಆದಾಯವಲ್ಲ. ಐಟಮೈಸ್ ಮಾಡಿ, ಅಂದರೆ ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಸ್ಟೇಟ್ ಟ್ಯಾಕ್ಸನ್ನು ಆದಾಯದಿಂದ ಕಳೆದಿದ್ದರೆ ಅಷ್ಟೋ ಇಷ್ಟೋ ಆದಾಯಕ್ಕೆ ಸೇರುತ್ತದೆ. ಹೀಗೆ ಕಳೆಯಬಹುದಾದ ಸ್ಟೇಟ್, ಲೋಕಲ್ ತೆರಿಗೆಗೆ 2018ರಿಂದ 2024ರವರೆಗೆ ಇದ್ದ 10,000 ಡಾಲರ್ ಮಿತಿಗಿಂತ ತುಂಬ ಜಾಸ್ತಿ ಕಟ್ಟಿದ್ದವರಿಗೆ ಪೂರ್ತಿ ಸೇರದೆಯೂ ಇರಬಹುದು. ಸಾಫ್ಟ್‌ವೇರ್ "ಕಳೆದ ವರ್ಷ ಐಟಮೈಸ್ ಮಾಡಿದ್ದಿರಾ" ಎಂದು ಕೇಳಿದಾಗ ಹಳೆ ರಿಟರ್ನ್ ತೆರೆದು ನೋಡಿ ಉತ್ತರಿಸಿ.